ಒರ್ಲ್ಯಾಂಡೊ ವಿಮಾನ ನಿಲ್ದಾಣದಿಂದ ಪೋರ್ಟ್ ಕೆನವೆರಲ್‌ಗೆ ಪುಟ್ಟ ಮಕ್ಕಳೊಂದಿಗೆ ಹೋಗುವುದು ಹೇಗೆ?

ಕಡಲಹಾದಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಫ್ಲಾರಿಡಾದಲ್ಲಿರುವ ಪೋರ್ಟ್ ಕೆನವೆರಲ್ ಬಂದರಿನಿಂದ ಹೊರಡುವ ಕ್ರೂಸ್ (ಹಡಗಿನ ವಿಹಾರ) ಒಂದಕ್ಕೆ ನಾವು ಐದು ಜನ ಹೋಗುವವರಿದ್ದೇವೆ: ನಾನು, ನನ್ನ ಪತಿ, ನಮ್ಮ ಅತ್ತೆಯವರು, ನಾಲ್ಕೂವರೆ ವರ್ಷದ ಮಗ ಮತ್ತು 15 ತಿಂಗಳ ಮಗಳು. ನಮ್ಮ ವಿಮಾನವು ಹಡಗು ಹೊರಡುವ ಹಿಂದಿನ ರಾತ್ರಿ 8 ಗಂಟೆಯ ಸುಮಾರಿಗೆ ಒರ್ಲ್ಯಾಂಡೊದಲ್ಲಿ ಇಳಿಯುತ್ತದೆ. ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ಮುಗಿಸಿ ಹೊರಬರುವಷ್ಟರಲ್ಲಿ 10 ಗಂಟೆಯಾದರೂ ಆಶ್ಚರ್ಯವಿಲ್ಲ. ಹಡಗು ಮರುದಿನ ಮಧ್ಯಾಹ್ನ 4ಕ್ಕೆ ಹೊರಡುತ್ತದೆ.

ಕ್ರೂಸ್ ಕಂಪನಿಯ ಬಸ್ಸು, ಟ್ಯಾಕ್ಸಿ ಅಥವಾ ಆ್ಯಪ್‌ನಲ್ಲಿ ಕರೆಯುವ ಕಾರು, ಬಾಡಿಗೆ ಕಾರು ಎಂಬ ಮೂರು ದಾರಿಗಳು ನನಗೆ ಕಾಣುತ್ತಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಎಂಬುದಕ್ಕಿಂತಲೂ ಮಕ್ಕಳ ಕಾರ್ ಸೀಟ್‌ಗಳನ್ನು ಏನು ಮಾಡುವುದು ಎಂಬುದೇ ನನ್ನ ತಲೆನೋವು. ಒಂದು ಗಂಟೆಯ ದಾರಿಗಾಗಿ ಎರಡು ಸೀಟ್‌ಗಳನ್ನು ವಿಮಾನದಲ್ಲಿ ಹೊತ್ತು ತಂದು, ಮತ್ತೆ ಹಡಗಿನ ಕೋಣೆಯಲ್ಲಿ ಇಟ್ಟುಕೊಳ್ಳಬೇಕೇ? ಟ್ಯಾಕ್ಸಿಗಳಿಗೆ ಕಾರ್ ಸೀಟ್ ಕಡ್ಡಾಯವಲ್ಲ ಎಂದು ಒಬ್ಬ ಪರಿಚಿತರು ಹೇಳಿದರು. ಆ ರಾತ್ರಿ ವಿಮಾನ ನಿಲ್ದಾಣದ ಬಳಿ ತಂಗುವುದೋ, ಬಂದರಿನ ಬಳಿ ತಂಗುವುದೋ ಎಂಬುದನ್ನೂ ಇನ್ನೂ ನಿರ್ಧರಿಸಿಲ್ಲ. ಈ ದಾರಿಯಲ್ಲಿ ಮಕ್ಕಳೊಂದಿಗೆ ಹೋದವರು ದಯವಿಟ್ಟು ತಿಳಿಸಿ.

ಸಂಚಾರಿ ಅಪ್ಪ ಉತ್ತರಿಸಿದ್ದಾರೆ:

ನಿಮ್ಮ ಪ್ರಶ್ನೆಗಳಲ್ಲಿ ಮೊದಲು ಬಗೆಹರಿಯಬೇಕಾದದ್ದು ಕೊನೆಯದು. ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದು ನಿಶ್ಚಯವಾದರೆ ವಾಹನದ ಪ್ರಶ್ನೆ ಅರ್ಧದಷ್ಟು ತಾನಾಗಿಯೇ ಪರಿಹಾರವಾಗುತ್ತದೆ.

ಒರ್ಲ್ಯಾಂಡೊ ವಿಮಾನ ನಿಲ್ದಾಣದಿಂದ ಬಂದರಿಗೆ ಸುಮಾರು 45 ಮೈಲಿ, ಅಂದರೆ 72 ಕಿಲೋಮೀಟರ್‌ಗಳಷ್ಟು ದೂರವಿದೆ. ಬೀಚ್‌ಲೈನ್ ಎಂದು ಕರೆಯುವ 528ನೇ ಸಂಖ್ಯೆಯ ಟೋಲ್ ರಸ್ತೆಯಲ್ಲಿ ಸಂಚಾರ ಸುಗಮವಾಗಿದ್ದರೆ 45 ನಿಮಿಷದಿಂದ ಒಂದು ಗಂಟೆಯೊಳಗೆ ತಲುಪಬಹುದು. ಆದರೆ ರಾತ್ರಿ 10ಕ್ಕೆ, ದೀರ್ಘ ವಿಮಾನ ಪ್ರಯಾಣ ಮುಗಿಸಿ, ನಿದ್ದೆಗೆಟ್ಟ ಎರಡು ಮಕ್ಕಳು ಮತ್ತು ವಯಸ್ಸಾದ ಅತ್ತೆಯವರನ್ನು ಕರೆದುಕೊಂಡು ಈ ಒಂದು ಗಂಟೆಯನ್ನು ಕಳೆಯಬೇಕೇ ಎಂಬುದು ಯೋಚಿಸಬೇಕಾದ ಮಾತು. ಆ ವಿಮಾನ ನಿಲ್ದಾಣದ ಮುಖ್ಯ ಕಟ್ಟಡದ ಒಳಗೇ, ಅಂದರೆ ಎ ಮತ್ತು ಬಿ ಟರ್ಮಿನಲ್‌ಗಳ ನಡುವೆಯೇ, ಹಯಾತ್ ರೀಜೆನ್ಸಿ ಹೋಟೆಲ್ ಇದೆ. ಲಗೇಜ್ ಗಾಡಿಯನ್ನು ತಳ್ಳಿಕೊಂಡು ಲಿಫ್ಟ್ ಹತ್ತಿದರೆ ಕೋಣೆ ಸಿಗುತ್ತದೆ; ಆ ರಾತ್ರಿ ಯಾವ ವಾಹನವೂ ಬೇಡ, ಕಾರ್ ಸೀಟ್ ಕಟ್ಟುವ ಪ್ರಮೇಯವೂ ಇಲ್ಲ. ನಿಮ್ಮ ವಿಮಾನವು 2022ರಲ್ಲಿ ಆರಂಭವಾದ ಸಿ ಟರ್ಮಿನಲ್‌ಗೆ ಬರುವುದಾದರೆ ಅಲ್ಲಿಂದ ಮುಖ್ಯ ಕಟ್ಟಡಕ್ಕೆ ನಿಲ್ದಾಣದ ಒಳರೈಲಿನಲ್ಲಿ ಬರಬೇಕಾಗುತ್ತದೆ, ಅಷ್ಟೇ. ಅಗ್ಗದ ಹೋಟೆಲಂತೂ ಅಲ್ಲ. ಆದರೂ ನಿಮ್ಮಂಥ ಸಂದರ್ಭದಲ್ಲಿ ಹಣ ಉಳಿಸಬೇಕಾದ ಜಾಗ ಇದಲ್ಲ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ತಂಗಿದರೆ ಇನ್ನೊಂದು ಅನುಕೂಲವಿದೆ. ಕ್ರೂಸ್ ಕಂಪನಿಗಳ ಬಸ್ಸುಗಳು ಸಾಮಾನ್ಯವಾಗಿ ಹಡಗು ಹೊರಡುವ ದಿನದಂದು ವಿಮಾನ ನಿಲ್ದಾಣದಿಂದಲೇ ಹೊರಡುತ್ತವೆ. ಹಿಂದಿನ ರಾತ್ರಿ ಬಂದಿಳಿದವರಿಗೆ ಆ ಹೊತ್ತಿನಲ್ಲಿ ಬಸ್ಸು ಇರುವುದಿಲ್ಲ. ನಿಲ್ದಾಣದಲ್ಲೇ ಮಲಗಿ ಎದ್ದವರು ಮಾತ್ರ ಬೆಳಗಿನ ಉಪಾಹಾರ ಮುಗಿಸಿ ನೇರವಾಗಿ ಬಸ್ಸಿನ ಸಾಲಿಗೆ ಹೋಗಬಹುದು. ಹಿಂದಿನ ದಿನ ಬಂದವರನ್ನೂ ಹತ್ತಿಸಿಕೊಳ್ಳುತ್ತಾರೆಯೇ ಎಂಬುದನ್ನು ಕಂಪನಿಯನ್ನು ಮುಂಚಿತವಾಗಿ ಕೇಳಿ, ಎಲ್ಲರ ಹೆಸರಿನಲ್ಲೂ ಆಸನ ಕಾಯ್ದಿರಿಸಿಕೊಳ್ಳಿ. ಬಸ್ಸು ತುಂಬುವ ತನಕ ಕಾಯಬೇಕಾಗಬಹುದು; ಆ ಹೊತ್ತಿಗೆ ಮಗಳಿಗೆ ಏನಾದರೂ ತಿನ್ನಲು ಕೈಯಲ್ಲಿಟ್ಟುಕೊಂಡಿರಿ.

ದೂರತೀರ ಉತ್ತರಿಸಿದ್ದಾರೆ:

ಸಂಚಾರಿ ಅಪ್ಪ ಅವರು ಹೋಟೆಲಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಕಾರ್ ಸೀಟ್ ವಿಚಾರವನ್ನು ಅವರು ಮುಟ್ಟದೆ ಬಿಟ್ಟಿರುವುದರಿಂದ ಅದನ್ನಷ್ಟೇ ಬರೆಯುತ್ತೇನೆ.

ನಿಮ್ಮ ಪರಿಚಿತರು ಹೇಳಿದ್ದು ಕಾನೂನಿನ ಮಟ್ಟಿಗೆ ಸರಿ. ಫ್ಲಾರಿಡಾ ರಾಜ್ಯದಲ್ಲಿ 3 ವರ್ಷದವರೆಗಿನ ಮಗುವಿಗೆ ಪ್ರತ್ಯೇಕ ಕಾರ್ ಸೀಟ್ ಅಥವಾ ವಾಹನದಲ್ಲೇ ತಯಾರಕರು ಅಳವಡಿಸಿದ ಮಕ್ಕಳ ಸೀಟ್ ಇರಲೇಬೇಕು. 4 ಮತ್ತು 5 ವರ್ಷದ ಮಕ್ಕಳಿಗೆ ಇವುಗಳ ಜೊತೆಗೆ ಬೂಸ್ಟರ್‌ಗೂ (ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಆಸನ) ಅವಕಾಶವಿದೆ. ಟ್ಯಾಕ್ಸಿ, ಲಿಮೋಸಿನ್, ಬಸ್ಸು ಮುಂತಾಗಿ ಚಾಲಕನ ಸಮೇತ ಬಾಡಿಗೆಗೆ ಪಡೆದ ವಾಹನಗಳ ಚಾಲಕರಿಗೆ ಈ ನಿಯಮದಿಂದ ವಿನಾಯಿತಿಯಿದೆ. ಆದರೆ ಇದು ಚಾಲಕನಿಗೆ ದಂಡ ಬೀಳುವುದಿಲ್ಲ ಎಂಬ ಮಾತೇ ಹೊರತು ಮಗುವಿಗೆ ಅಪಾಯವಿಲ್ಲ ಎಂಬ ಮಾತಲ್ಲ. ಬೀಚ್‌ಲೈನ್ ರಸ್ತೆಯಲ್ಲಿ ಗಂಟೆಗೆ 70 ಮೈಲಿ ವೇಗಮಿತಿಯಿರುವ ಭಾಗಗಳಿವೆ. ಅದಕ್ಕಿಂತ ಎಷ್ಟೋ ಕಡಿಮೆಯಾದ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೂ 10 ಕೆಜಿ ತೂಕದ ಮಗುವನ್ನು ತೊಡೆಯ ಮೇಲೆ ಹಿಡಿದಿಟ್ಟುಕೊಳ್ಳಲು ಕೈಗಳು 100 ಕೆಜಿಗೂ ಮೀರಿದ ಭಾರವನ್ನು ತಡೆಯಬೇಕಾಗುತ್ತದೆ, ಮತ್ತು ಅದು ಯಾವ ತಾಯಿಯಿಂದಲೂ ಆಗದ ಕೆಲಸ. ಹಾಗಾಗಿ ಕಾರಿನಲ್ಲಿ ಹೋಗುವುದಾದರೆ, ಅದು ಟ್ಯಾಕ್ಸಿಯೇ ಆಗಿರಲಿ, ಮಗಳಿಗೆ ಸೀಟ್ ಇಲ್ಲದೆ ಹತ್ತಬೇಡಿ.

ಮಗಳಿಗೆ ಹಿಂದಕ್ಕೆ ಮುಖ ಮಾಡಿಸಿ ಕೂರಿಸುವ, ಹಗುರವಾದ ಸೀಟ್ ತನ್ನಿ. ಅವಳಿಗೆ ವಿಮಾನದಲ್ಲಿ ಸ್ವಂತ ಆಸನ ಕಾಯ್ದಿರಿಸಿದ್ದರೆ ಅದೇ ಸೀಟನ್ನು ಅಲ್ಲಿಯೂ ಬಳಸಬಹುದು. ಮೋಟಾರು ವಾಹನ ಮತ್ತು ವಿಮಾನ ಎರಡರಲ್ಲೂ ಬಳಕೆಗೆ ಪ್ರಮಾಣೀಕೃತವಾಗಿದೆ ಎಂಬ ಕೆಂಪಕ್ಷರದ ಚೀಟಿ ಸೀಟಿನ ಮೇಲೆ ಇದೆಯೇ ನೋಡಿಕೊಳ್ಳಿ. ಸ್ವಂತ ಆಸನ ಇಲ್ಲದಿದ್ದರೂ ಅನೇಕ ವಿಮಾನ ಸಂಸ್ಥೆಗಳು ಕಾರ್ ಸೀಟ್ ಮತ್ತು ಸ್ಟ್ರೋಲರ್‌ಗಳನ್ನು ಲಗೇಜ್ ಲೆಕ್ಕಕ್ಕೆ ಸೇರಿಸದೆ ಉಚಿತವಾಗಿ ಒಯ್ಯುತ್ತವೆ. ಮಗನಿಗೆ 4 ವರ್ಷ ತುಂಬಿರುವುದರಿಂದ ಕಾನೂನಿಗೆ ಬೂಸ್ಟರ್ ಸಾಕು, ಆದರೆ ಬಹುತೇಕ ಬೂಸ್ಟರ್‌ಗಳು 18 ಕೆಜಿ ತೂಕದ ಮೇಲಿನ ಮಕ್ಕಳಿಗೆ ಮಾತ್ರ. ಅವನ ತೂಕ ಅಷ್ಟಿದ್ದರೆ, ಮತ್ತು ಭುಜದ ಬೆಲ್ಟ್ ಕತ್ತಿಗೆ ತಾಗದಂತೆ ನೇರವಾಗಿ ಕೂತಿರಬಲ್ಲನಾದರೆ, ಬೆನ್ನಿಲ್ಲದ ಸಣ್ಣ ಬೂಸ್ಟರ್ ಕೈಚೀಲದಲ್ಲೇ ಹಿಡಿಯುತ್ತದೆ. ವಿಮಾನದಲ್ಲಿ ಅದನ್ನು ಬಳಸಲು ಬಿಡುವುದಿಲ್ಲ. ಅಲ್ಲಿಗೆಂದೇ ಬರುವ, ಆಸನಕ್ಕೆ ಕಟ್ಟುವ ಪಟ್ಟಿಯಂಥ ಸಾಧನಗಳು ಕಾರಿಗೆ ನಡೆಯುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಕೊಂಡುಕೊಳ್ಳುವವರು ಬಹಳ.

ಇನ್ನೊಂದು ಸಂಗತಿ. ಯುರೋಪಿನ ಮಾನದಂಡಕ್ಕೆ ತಯಾರಾದ ಸೀಟ್‌ಗಳಿಗೆ ಅಮೆರಿಕದ ಪ್ರಮಾಣೀಕರಣ ಇರುವುದಿಲ್ಲವಾದ್ದರಿಂದ, ಹೊಸದಾಗಿ ಕೊಳ್ಳುವುದಿದ್ದರೆ ಅಲ್ಲಿನ ಚೀಟಿಯಿರುವುದನ್ನೇ ಆರಿಸಿ. ಕಟ್ಟುವ ವಿಧಾನವನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿಯಾಗಿ ಹೊರಕ್ಕೆ ಎಳೆದು ಬಿಟ್ಟರೆ ಅದು ಒಳಹೋಗುವಾಗ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇದು ತಿಳಿದಿದ್ದರೆ, ಹಿಂದೆ ಸಾಲುಗಟ್ಟಿ ನಿಂತ ಕಾರುಗಳು ಹಾರ್ನ್ ಮಾಡುತ್ತಿರುವಾಗಲೂ ಎರಡು ನಿಮಿಷದಲ್ಲಿ ಸೀಟ್ ಕಟ್ಟಬಹುದು.

ಲಂಗರು ಉತ್ತರಿಸಿದ್ದಾರೆ:

ಮೇಲಿನ ಇಬ್ಬರ ಮಾತನ್ನೂ ಕೂಡಿಸಿದರೆ ನಿಮಗೆ ಬಸ್ಸೇ ಸರಿ ಎಂದು ತೋರಬಹುದು. ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ.

ದೊಡ್ಡ ಬಸ್ಸು ತೂಕದಿಂದಲೇ ಸುರಕ್ಷಿತ ಎಂಬುದು ನಿಜ. 2016ರ ನವೆಂಬರ್ 28ರ ನಂತರ ತಯಾರಾದ ದೂರಸಂಚಾರದ ಬಸ್ಸುಗಳಲ್ಲಿ ಪ್ರತಿ ಆಸನಕ್ಕೂ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟ್ ಇರಬೇಕೆಂಬ ನಿಯಮ ಅಮೆರಿಕದಲ್ಲಿದೆ. ಆದರೆ ನಿಮಗೆ ಬರುವ ಬಸ್ಸು ಅದಕ್ಕಿಂತ ಹಳೆಯದಾಗಿರಬಹುದು, ಮತ್ತು ಬಸ್ಸಿನ ಆಸನಕ್ಕೆ ಹಿಂದಕ್ಕೆ ಮುಖವಿರುವ ಸೀಟನ್ನು ಬಿಗಿಯುವುದು ಕಾರಿನಲ್ಲಿ ಬಿಗಿದಷ್ಟು ಸಲೀಸಲ್ಲ. ಐದು ಜನರ ತಲಾ ದರವನ್ನು ಕೂಡಿಸಿ ನೋಡಿದರೆ ಮುಂಚಿತವಾಗಿ ಗೊತ್ತುಪಡಿಸಿದ ಖಾಸಗಿ ವ್ಯಾನ್ ಬಸ್ಸಿಗಿಂತ ಅಷ್ಟೇನೂ ದುಬಾರಿಯಾಗದಿರಬಹುದು. ಮಕ್ಕಳ ಸೀಟ್ ಒದಗಿಸುವ ವ್ಯಾನ್ ಸೇವೆಗಳೂ ಇವೆ. ಸೀಟ್ ಬೇಕೆಂದು ಕೇಳುವಾಗ ಮಕ್ಕಳ ವಯಸ್ಸಿನ ಜೊತೆಗೆ ತೂಕ, ಎತ್ತರಗಳನ್ನೂ ಬರವಣಿಗೆಯಲ್ಲಿ ಕಳುಹಿಸಿ. ಮಗುವಿನ ಸೀಟ್ ಎಂದು ಮಾತ್ರ ಹೇಳಿದರೆ ಬೂಸ್ಟರ್ ತಂದು ನಿಲ್ಲಿಸಿದರೂ ಅವರ ತಪ್ಪೆನ್ನಲಾಗದು. ಆ್ಯಪ್‌ನಲ್ಲಿ ಕರೆಯುವ ಕಾರನ್ನು ನಾನು ಸೂಚಿಸುವುದಿಲ್ಲ. ಐದು ಜನ, ದೊಡ್ಡ ಪೆಟ್ಟಿಗೆಗಳು, ಮಡಚಿದ ಸ್ಟ್ರೋಲರ್ ಎಲ್ಲವೂ ಹಿಡಿಯುವ ವಾಹನ ಬರುವುದು ಅದೃಷ್ಟದ ಮಾತು.

ಬಾಡಿಗೆ ಕಾರನ್ನು ನಿಲ್ದಾಣದಲ್ಲಿ ಪಡೆದು ಬಂದರಿನ ಸಮೀಪದ ಶಾಖೆಯಲ್ಲಿ ಬಿಡುವ ಪದ್ಧತಿಯೂ ಇದೆ. ಆ ಶಾಖೆಯಿಂದ ಹಡಗುಕಟ್ಟೆಗೆ ಮತ್ತೊಂದು ವ್ಯಾನ್ ಹತ್ತಬೇಕಾಗುತ್ತದೆಯಾದ್ದರಿಂದ, ಸೀಟ್ ಕಟ್ಟಿ ಬಿಚ್ಚುವ ಕೆಲಸ ಎರಡು ಪಟ್ಟಾಗುತ್ತದೆ. ಹಿಂದೊಮ್ಮೆ ಒಂದು ಬಾಡಿಗೆ ಸಂಸ್ಥೆಯವರು ನಮಗೆ ಕೊಟ್ಟ ಮಕ್ಕಳ ಸೀಟಿನ ಎದೆಯ ಕ್ಲಿಪ್ಪೇ ಮುರಿದಿತ್ತು. ಆ ಅನುಭವದ ನಂತರ ಸ್ವಂತ ಸೀಟ್ ಒಯ್ಯುವುದನ್ನೇ ನಾನು ಇಷ್ಟಪಡುತ್ತೇನೆ.

ದಾರಿಯ ಬಗ್ಗೆ ಎರಡು ಮಾತು. ಈ ಬಂದರಿನ ಉತ್ತರಕ್ಕೇ ಕೇಪ್ ಕೆನವೆರಲ್ ಉಡಾವಣಾ ನೆಲೆ ಮತ್ತು ಕೆನಡಿ ಬಾಹ್ಯಾಕಾಶ ಕೇಂದ್ರಗಳಿವೆ. ರಾಕೆಟ್ ಹಾರುವ ದಿನ ನೋಡಲು ಬರುವವರಿಂದ 528ನೇ ರಸ್ತೆಯ ಕೊನೆಯ ಭಾಗದಲ್ಲಿ, ವಿಶೇಷವಾಗಿ ನೀರಿನ ಮೇಲಿನ ಸೇತುವೆಗಳ ಬಳಿ, ವಾಹನಗಳು ಸಾಲುಗಟ್ಟುತ್ತವೆ. ಹಿಂದಿನ ದಿನ ಉಡಾವಣೆಯ ವೇಳಾಪಟ್ಟಿ ನೋಡಿಕೊಳ್ಳಿ. ಎರಡನೆಯದಾಗಿ, ಬಂದರಿನಲ್ಲಿ ನಿಮ್ಮ ಹಡಗು ನಿಲ್ಲುವ ಟರ್ಮಿನಲ್‌ನ ಸಂಖ್ಯೆಯನ್ನು ಚಾಲಕನಿಗೆ ಹೇಳಿ. 1 ಮತ್ತು 3ನೆಯವು ದಕ್ಷಿಣದ ದಡದಲ್ಲಿವೆ. 5, 6, 8, 10 ಉತ್ತರದ ದಡದಲ್ಲಿವೆ. ಹಡಗು ಎದುರಿಗೇ ಕಾಣುತ್ತಿದ್ದರೂ ನಡುವೆ ನೀರಿರುವುದರಿಂದ ತಪ್ಪು ದಡದಲ್ಲಿ ಇಳಿದವರು ಸುತ್ತಿ ಬರಬೇಕಾಗುತ್ತದೆ.

ಕಡಲಹಾದಿ ಬರೆದಿದ್ದಾರೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿಲ್ದಾಣದೊಳಗಿನ ಹೋಟೆಲಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ವ್ಯಾನ್‌ನಲ್ಲಿ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಗಳ ಸೀಟನ್ನು ನಾವೇ ತರುತ್ತೇವೆ. ಮಗನ ತೂಕ 17 ಕೆಜಿಯಷ್ಟೇ ಇರುವುದರಿಂದ ಅವನಿಗೆ ಬೂಸ್ಟರ್ ಬದಲು ಬೆಲ್ಟ್‌ಪಟ್ಟಿಗಳಿರುವ ಸೀಟನ್ನು ವ್ಯಾನ್‌ನವರಿಂದ ಕೇಳುತ್ತೇವೆ. ಇನ್ನೆರಡು ಸಂದೇಹಗಳು: ಹಡಗುಕಟ್ಟೆಯಲ್ಲಿ ಸಾಮಾನನ್ನು ಒಪ್ಪಿಸುವಾಗ ಕಾರ್ ಸೀಟನ್ನೂ ಕೊಟ್ಟುಬಿಡಬಹುದೇ? ಹೋಟೆಲಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ದೂರತೀರ ಉತ್ತರಿಸಿದ್ದಾರೆ:

ಕೊಡಬಹುದು. ಹಡಗಿನ ಕಂಪನಿಯ ಟ್ಯಾಗನ್ನು ಪೆಟ್ಟಿಗೆಗಳಿಗೆ ಕಟ್ಟಿದಂತೆ ಸೀಟಿಗೂ ಕಟ್ಟಿ ಟರ್ಮಿನಲ್ ಹೊರಗಿನ ಪೋರ್ಟರ್‌ಗಳಿಗೆ ಒಪ್ಪಿಸಿ. ಕೋಣೆಗೆ ಬಂದ ಮೇಲೆ ಅದನ್ನು ಮಂಚದ ಕೆಳಗೋ ಕಪಾಟಿನೊಳಗೋ ಸೇರಿಸಬಹುದು. ಸ್ಟ್ರೋಲರ್ ಮಾತ್ರ ಕೈಯಲ್ಲೇ ಇರಲಿ. ಟರ್ಮಿನಲ್‌ನ ಸಾಲುಗಳಲ್ಲಿ ಮಗಳಿಗೆ ಅದೇ ಬೇಕಾಗುತ್ತದೆ. ಹಡಗಿನ ಕೋಣೆಗಳ ಬಾಗಿಲು ಕಿರಿದು, ಮೊಗಸಾಲೆಯಲ್ಲಿ ಏನನ್ನೂ ಬಿಡುವಂತಿಲ್ಲ. ಆದ್ದರಿಂದ ಚಿಕ್ಕದಾಗಿ ಮಡಚುವ ಸ್ಟ್ರೋಲರ್ ತನ್ನಿ.

ಪೋರ್ಟರ್‌ಗಳಿಗೆ ಕೊಟ್ಟ ಸಾಮಾನು ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಕೋಣೆಯೂ ಸಾಮಾನ್ಯವಾಗಿ ಮಧ್ಯಾಹ್ನದ ನಂತರವೇ ಸಿಗುತ್ತದೆ. ಅಲ್ಲಿಯವರೆಗೆ ಬೇಕಾಗುವ ಡೈಪರ್, ಹಾಲು, ಔಷಧಿ, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಈಜುಡುಗೆ ಇವೆಲ್ಲ ಕೈಚೀಲದಲ್ಲಿರಲಿ. ಅತ್ತೆಯವರ ಮಾತ್ರೆಗಳನ್ನು ಮರೆಯಬೇಡಿ. ಪಾಸ್‌ಪೋರ್ಟ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಪೋರ್ಟರ್‌ಗೆ ಕೊಟ್ಟು, ಚೆಕ್-ಇನ್ ಮೇಜಿನ ಮುಂದೆ ನಿಂತು ಪರದಾಡುವವರು ಪ್ರತಿ ಬಾರಿಯೂ ಕಾಣಸಿಗುತ್ತಾರೆ.

ಸಮಯದ ಮಟ್ಟಿಗೆ, 4 ಗಂಟೆ ಎಂಬುದು ಹಡಗು ಹೊರಡುವ ಹೊತ್ತು, ನೀವು ತಲುಪಬೇಕಾದ ಹೊತ್ತಲ್ಲ. ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಹೊರಡುವ 60 ನಿಮಿಷಗಳ ಮೊದಲೇ ಅಮೆರಿಕದ ಗಡಿ ಇಲಾಖೆಗೆ ಸಲ್ಲಿಸಬೇಕಾದ್ದರಿಂದ ಚೆಕ್-ಇನ್ ಸಾಮಾನ್ಯವಾಗಿ 60ರಿಂದ 90 ನಿಮಿಷ ಮುಂಚೆ ಮುಚ್ಚುತ್ತದೆ. ಆನ್‌ಲೈನ್ ಚೆಕ್-ಇನ್ ಮಾಡುವಾಗ ಬಂದರು ತಲುಪುವ ಅವಧಿಯನ್ನು ಆರಿಸಿಕೊಳ್ಳಲು ಕೇಳಿದರೆ 12ರ ಆಸುಪಾಸಿನದನ್ನು ಆರಿಸಿ, ಹೋಟೆಲಿನಿಂದ 10:30ರೊಳಗೆ ಹೊರಡಿ. ಅದಕ್ಕಿಂತ ಬೇಗ ಹೋದರೆ ಮಕ್ಕಳು ಟರ್ಮಿನಲ್‌ನಲ್ಲೇ ದಣಿಯುತ್ತಾರೆ.

ಲಂಗರು ಉತ್ತರಿಸಿದ್ದಾರೆ:

ಹಿಂತಿರುಗುವ ದಿನಕ್ಕೂ ವ್ಯಾನನ್ನು ಈಗಲೇ ಗೊತ್ತುಪಡಿಸಿಕೊಳ್ಳಿ, ಸೀಟಿನ ವಿವರವನ್ನು ಆ ಬುಕಿಂಗ್‌ನಲ್ಲಿಯೂ ಮತ್ತೆ ಬರೆಸಿ. ಹಡಗು ಬೆಳಗ್ಗೆಯೇ ಬಂದು ನಿಂತರೂ ಸಾವಿರಾರು ಜನ ಒಟ್ಟಿಗೆ ಇಳಿದು ಕಸ್ಟಮ್ಸ್ ದಾಟಬೇಕಾದ್ದರಿಂದ ಮಕ್ಕಳಿರುವವರು ಹೊರಬರುವಾಗ 9 ದಾಟಿರುತ್ತದೆ. ಹಿಂತಿರುಗುವ ವಿಮಾನ ಮಧ್ಯಾಹ್ನ 1ರ ನಂತರದ್ದಾಗಿದ್ದರೆ ನಿಶ್ಚಿಂತೆ. ಅದಕ್ಕಿಂತ ಮುಂಚಿನದಾಗಿದ್ದರೆ ಬದಲಾಯಿಸಲು ಸಾಧ್ಯವೇ ಎಂದು ಈಗಲೇ ವಿಚಾರಿಸಿ. ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡುವಾಗ ಮಗಳ ಸೀಟನ್ನು ಅವುಗಳ ಜೊತೆ ಕಳುಹಿಸಬೇಕೋ ಕೈಯಲ್ಲಿ ಒಯ್ಯಬೇಕೋ ಎಂಬುದನ್ನು ನಿಮ್ಮ ಕೋಣೆಯ ಸಿಬ್ಬಂದಿಯನ್ನು ಕೇಳಿಕೊಳ್ಳಿ.