ಟ್ರೈಲರ್ ಒಳಗಿನ ಎಲ್‌ಇಡಿ: ಇಂಡಿಕೇಟರ್ ಹಾಕಿದರೆ ಮಿಣುಕುತ್ತದೆ, ಮೂರು ಮೂರಾಗಿ ಸಾಯುತ್ತಿದೆ

ಓಹಾಯೋ_ಕೂಟ:
ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಸಾಮಾನಿಗೆ ಅಂತ ಒಂದು ಮುಚ್ಚಿದ ಕಾರ್ಗೋ ಟ್ರೈಲರ್ ಇದೆ. 7 ಅಡಿ ಅಗಲ, 14 ಅಡಿ ಉದ್ದ. ಬಲಕ್ಕೆ ಮುಂದುಗಡೆ ಒಂದು ಚಿಕ್ಕ ಬಾಗಿಲು, ಹಿಂದೆ ರಾಂಪ್ ಬಾಗಿಲು. ಸ್ಪೀಕರು, ಸ್ಟೇಜಿನ ಪರದೆ, ಗಣೇಶನ ಮಂಟಪ, ದೊಡ್ಡ ಪಾತ್ರೆಗಳು ಎಲ್ಲಾ ಅದರಲ್ಲೇ. ರಾಜ್ಯೋತ್ಸವ ಮುಗಿಸಿ ಹಾಲ್ ಖಾಲಿ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿರುತ್ತದೆ. ಒಬ್ಬರು ಮೊಬೈಲ್ ಟಾರ್ಚ್ ಹಿಡಿದು ನಿಲ್ಲಬೇಕು, ಉಳಿದವರು ಸಾಮಾನು ಜೋಡಿಸಬೇಕು.

ಹಿಂದಿನ ಸಮಿತಿಯವರು ಚಾವಣಿ ಅಂಚಿಗೆ ಸುತ್ತಲೂ ಎಲ್‌ಇಡಿ ಸ್ಟ್ರಿಪ್ ಅಂಟಿಸಿದ್ದಾರೆ. 5 ಮೀಟರಿನ ಎರಡು ರೋಲ್, ಒಂದರ ತುದಿಗೆ ಇನ್ನೊಂದು. ಒಂದೊಂದರ ಮೇಲೂ 12 ವೋಲ್ಟ್, 24 ವ್ಯಾಟ್ ಅಂತ ಇದೆ. ಚಿಕ್ಕ ಬಾಗಿಲಿನ ಹತ್ತಿರ ಕಂಪನಿಯಿಂದಲೇ ಬಂದಿದ್ದ ದೀಪದ ವೈರಿಗೆ ಕೊಟ್ಟಿದ್ದಾರೆ. ಅಲ್ಲಿಂದ ಬಲಗೋಡೆ, ರಾಂಪ್ ಬಾಗಿಲ ಮೇಲೆ, ಆಮೇಲೆ ಎಡಗೋಡೆ.

ಈಗಿನ ತೊಂದರೆಗಳು. ಗಾಡಿಯ ಪಾರ್ಕಿಂಗ್ ಲೈಟ್ ಹಾಕಿದರೆ ಮಾತ್ರ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಒಳಗಿನ ದೀಪವೂ ಮಿಣುಕುತ್ತದೆ. ಎಡಗೋಡೆಯ ಕೊನೆ ತೀರಾ ಮಂಕು. ಚಿಕ್ಕ ಬಾಗಿಲಿನ ಪಕ್ಕದಲ್ಲಿ ಮೂರು ಮೂರು ಚುಕ್ಕಿಗಳು ಒಟ್ಟಿಗೆ ಸತ್ತಿವೆ. ಬೇಸಿಗೆಯಲ್ಲಿ ಅಂಟು ಬಿಟ್ಟು ಜೋತುಬಿದ್ದಿದೆ.

ಇನ್ನೂ ಒಳ್ಳೇ ಸ್ಟ್ರಿಪ್ ತಂದು ಬದಲಾಯಿಸಿದರೆ ಸಾಕಾ? ಟ್ರೈಲರಿನ ಮೂತಿಯಲ್ಲಿ ಒಂದು ಪುಟ್ಟ ಬ್ಯಾಟರಿ ಇದೆ. ಅದರಿಂದಲೇ ಕರೆಂಟ್ ಎಳೆಯಬಹುದಾ?

ಮೀಟರ್_ಮಾವ:
ಮೊದಲು ಕೊನೇ ಪ್ರಶ್ನೆ. ಆ ಪುಟ್ಟ ಬ್ಯಾಟರಿಯನ್ನು ದಯವಿಟ್ಟು ಮುಟ್ಟಬೇಡಿ. ಓಡುವಾಗ ಟ್ರೈಲರ್ ಕೊಂಡಿ ಕಳಚಿದರೆ ಅದರ ಬ್ರೇಕ್ ತಾನಾಗಿ ಹಿಡಿಯಲಿ ಅಂತ ಇಟ್ಟಿರುವ ಬ್ಯಾಟರಿ ಅದು. ಹಾಗೆ ಕಳಚಿದಾಗ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕು ಅನ್ನುತ್ತದೆ ಅಮೆರಿಕದ ಫೆಡರಲ್ ನಿಯಮ. ದೀಪ ಉರಿಸಿ ಅದನ್ನು ಖಾಲಿ ಮಾಡಿದರೆ ಹೆದ್ದಾರಿಯಲ್ಲಿ ಹಿಂದೆ ಬರುವವರ ಪ್ರಾಣಕ್ಕೆ ಕುತ್ತು.

ಪಾರ್ಕಿಂಗ್ ಲೈಟಿನ ವಿಷಯ ತಿಳಿಯಿತು. ಎಷ್ಟೋ ಟ್ರೈಲರಿನಲ್ಲಿ ಒಳಗಿನ ದೀಪವನ್ನು ಹಿಂದಿನ ಕೆಂಪು ದೀಪದ ವೈರಿಗೇ ಕೊಟ್ಟಿರುತ್ತಾರೆ. ನಿಮ್ಮದೂ ಹಾಗೇ ಇದೆ. ಅದರಿಂದ ಇನ್ನೊಂದು ತೊಂದರೆಯೂ ಇದೆ: ರಾತ್ರಿ ಗಾಡಿ ಓಡುವಷ್ಟು ಹೊತ್ತೂ, ಯಾರೂ ನೋಡದಿದ್ದರೂ, ಒಳಗಿನ ಸ್ಟ್ರಿಪ್ ಉರಿಯುತ್ತಲೇ ಇರುತ್ತದೆ.

ಹೊಸದೇನನ್ನೂ ಕೊಳ್ಳಬೇಡಿ, ಮೊದಲು ಮೂರು ಅಳತೆ ತೆಗೆದು ಹಾಕಿ. ಎಂಜಿನ್ ಓಡುತ್ತಿರಲಿ, ಸ್ಟ್ರಿಪ್ ಉರಿಯುತ್ತಿರಲಿ. ಒಂದು, ಸ್ಟ್ರಿಪ್ ಶುರುವಾಗುವಲ್ಲಿ ಎಷ್ಟು ವೋಲ್ಟ್? ಎರಡು, ಕೊನೆಯಲ್ಲಿ ಎಷ್ಟು? ಮೂರು, ಮೀಟರಿನ ಒಂದು ಕಡ್ಡಿ ಟ್ರೈಲರಿನ ಚಾಸಿಗೆ, ಇನ್ನೊಂದು ಗಾಡಿ ಬ್ಯಾಟರಿಯ ನೆಗೆಟಿವ್‌ಗೆ. ಉದ್ದ ವೈರ್ ಬೇಕಾಗುತ್ತದೆ, ಅದೇ ಮುಖ್ಯವಾದ ಅಳತೆ.

ಓಹಾಯೋ_ಕೂಟ:
ಶುರುವಿನಲ್ಲಿ 13.2. ಕೊನೆಯಲ್ಲಿ 10.2. ಚಾಸಿಗೂ ಬ್ಯಾಟರಿ ನೆಗೆಟಿವ್‌ಗೂ 0.8, ಇಂಡಿಕೇಟರ್ ಹಾಕಿದರೆ ಅದರ ಜೊತೆ ಕುಣಿಯುತ್ತದೆ.

ಮೀಟರ್_ಮಾವ:
ಒಳ್ಳೇ ಅಳತೆ. ನಿಮ್ಮ ಉಳಿದ ನಾಲ್ಕೂ ತೊಂದರೆಗೆ ಉತ್ತರ ಇದರಲ್ಲೇ ಇದೆ.

ಮೂರನೆಯದರಿಂದ ಶುರು ಮಾಡೋಣ. ಚಾಸಿಗೂ ನೆಗೆಟಿವ್‌ಗೂ ಹೆಚ್ಚುಕಮ್ಮಿ ಸೊನ್ನೆ ಇರಬೇಕಿತ್ತು. 0.8 ಅಂದರೆ ಗ್ರೌಂಡ್ ಕೆಟ್ಟಿದೆ. ಒಳಗಿನ ದೀಪ, ಹಿಂದಿನ ದೀಪ, ಇಂಡಿಕೇಟರ್, ಎಲ್ಲದರ ಕರೆಂಟೂ ಅದೊಂದೇ ಕೆಟ್ಟ ಜಾಗದಿಂದ ವಾಪಸ್ ಹೋಗಬೇಕು. ಇಂಡಿಕೇಟರ್ ಹೊತ್ತಿದಾಗಲೆಲ್ಲ ಅಲ್ಲಿ ಇನ್ನಷ್ಟು ವೋಲ್ಟ್ ಕಳೆದುಹೋಗುತ್ತದೆ, ಸ್ಟ್ರಿಪ್ ಮಿಣುಕುತ್ತದೆ. ಗಾಡಿಗೆ ಸಿಕ್ಕಿಸುವ 7 ಪಿನ್ ಪ್ಲಗ್ಗಿನಿಂದ ಬರುವ ಬಿಳಿ ವೈರ್ ಟ್ರೈಲರಿನ ಮೂತಿಯ ಹತ್ತಿರ ಚಾಸಿಗೆ ಸೇರುವ ಜಾಗ ಹುಡುಕಿ. ಸಾಮಾನ್ಯವಾಗಿ ಒಂದು ಸ್ಕ್ರೂ, ಅದರ ಸುತ್ತ ತುಕ್ಕು. ಬಿಚ್ಚಿ, ಪೇಂಟ್ ಹೋಗಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಹೊಸ ರಿಂಗ್ ಟರ್ಮಿನಲ್ ಒತ್ತಿ, ಹಲ್ಲಿರುವ ವಾಷರ್ ಹಾಕಿ, ಬೋಲ್ಟು ನಟ್ಟಿನಿಂದ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿಯಿರಿ. ಪ್ಲಗ್ಗಿನ ಒಳಗಿನ ಹಸಿರು ಕಿಲುಬನ್ನೂ ಕೆರೆದು ತೆಗೆಯಿರಿ.

ಈಗ ಮೂರು ಮೂರಾಗಿ ಸಾಯುವ ವಿಷಯ. 12 ವೋಲ್ಟ್ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ, ಒಂದು ರೆಸಿಸ್ಟರ್ ಸಾಲಾಗಿ ಇರುತ್ತವೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್ ಬೇಕು, ಮೂರಕ್ಕೆ 9.3. ಉಳಿದ 2.7 ವೋಲ್ಟ್ ರೆಸಿಸ್ಟರ್ ಪಾಲು. ಕರೆಂಟ್ ಎಷ್ಟು ಅಂತ ತೀರ್ಮಾನ ಮಾಡುವುದು ಆ ರೆಸಿಸ್ಟರ್ ಮಾತ್ರ. ಎಲ್‌ಇಡಿ ತನ್ನ 9.3ಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ ಅಂದರೆ ತಪ್ಪಿಲ್ಲ, ಹೆಚ್ಚು ಬಂದದ್ದೆಲ್ಲ ರೆಸಿಸ್ಟರ್ ಮೇಲೆ ಬೀಳುತ್ತದೆ. ನಿಮ್ಮಲ್ಲಿ 13.2 ಇದೆ. ಅಲ್ಲಿಗೆ ರೆಸಿಸ್ಟರ್‌ಗೆ 3.9. ಅಂದರೆ ಕರೆಂಟ್ ಇರಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಬಿಸಿ ಹೆಚ್ಚುತ್ತದೆ, ಅಂಟು ಕರಗುತ್ತದೆ, ಒಂದು ಎಲ್‌ಇಡಿ ಸುಟ್ಟರೆ ಅದರ ಸಾಲಿನ ಮೂರೂ ಆರುತ್ತವೆ. ಶುರುವಿನಲ್ಲೇ ಯಾಕೆ ಸತ್ತಿವೆ ಅಂತ ಗೊತ್ತಾಯಿತಲ್ವಾ?

ಕೊನೆಯ ಮಂಕೂ ಅದೇ ಲೆಕ್ಕ, ತಿರುಗಾಮುರುಗಾ. ಸ್ಟ್ರಿಪ್ ಒಳಗಿನ ತಾಮ್ರದ ಪಟ್ಟಿ ತೀರಾ ತೆಳು. 10 ಮೀಟರ್ ದಾಟಿ ಬರುವಷ್ಟರಲ್ಲಿ 3 ವೋಲ್ಟ್ ಕಳೆದುಹೋಗಿದೆ. 10.2ರಲ್ಲಿ ರೆಸಿಸ್ಟರ್‌ಗೆ ಉಳಿಯುವುದು ಒಂದು ವೋಲ್ಟೂ ಇಲ್ಲ.

ಇನ್ನೊಂದು ಮಾತು. ಇವತ್ತು ಗ್ರೌಂಡ್ ಸರಿ ಮಾಡಿದರೆ ಆ 0.8 ಸ್ಟ್ರಿಪ್‌ಗೇ ವಾಪಸ್ ಸಿಗುತ್ತದೆ. ಶುರುವಿನಲ್ಲಿ 14ರ ಹತ್ತಿರ ಹೋಗುತ್ತದೆ. ಮಿಣುಕು ನಿಲ್ಲುತ್ತದೆ, ಆದರೆ ಸ್ಟ್ರಿಪ್ ಇನ್ನೂ ಬೇಗ ಸಾಯುತ್ತದೆ. ಅದಕ್ಕೇ ಬರೀ ಸ್ಟ್ರಿಪ್ ಬದಲಾಯಿಸಿದರೆ ದುಡ್ಡು ದಂಡ. ಎಷ್ಟೇ ಒಳ್ಳೇ ಸ್ಟ್ರಿಪ್ ತಂದರೂ ಇದೇ ಗತಿ. ಕರೆಂಟ್ ಎಲ್ಲಿಂದ ಅನ್ನುವುದು ಮೊದಲು ತೀರ್ಮಾನ ಆಗಲಿ. ದೀಪ ಆಮೇಲೆ.

ಪುಟ್ಟ_ಪ್ಲಾನ್:
ಇಷ್ಟೆಲ್ಲ ಯಾಕೆ? ಚಾರ್ಜ್ ಮಾಡಿ ಅಯಸ್ಕಾಂತದಿಂದ ಅಂಟಿಸುವ ದೀಪ ನಾಲ್ಕು ತಂದರೆ ಆಯ್ತಲ್ವಾ?

ಕ್ಯಾಂಪರ್_ಅಕ್ಕ:
ಈ ವಾರದ ಕಾರ್ಯಕ್ರಮಕ್ಕೆ ಆಗುತ್ತದೆ, ಖಂಡಿತ ತನ್ನಿ. ಆದರೆ ಒಳಗೋಡೆ ಪ್ಲೈವುಡ್, ಅಯಸ್ಕಾಂತ ಹಿಡಿಯುವುದು ಚಾವಣಿಯ ಕಬ್ಬಿಣದ ಪಟ್ಟಿಗೆ ಮಾತ್ರ. ಕೂಟದ ಸಾಮಾನು ಹತ್ತಾರು ಕೈ ದಾಟುತ್ತದೆ. ಬೇಕಾದ ರಾತ್ರಿ ಯಾವುದೂ ಚಾರ್ಜ್ ಆಗಿರುವುದಿಲ್ಲ.

ಓಹಾಯೋ_ಕೂಟ:
ಹೌದು ಅಕ್ಕ, ನಮಗೆ ಗೋಡೆಗೇ ಕೂತಿರುವ ದೀಪ ಬೇಕು. ಮಾವ, ಹಾಗಾದರೆ ಬೇರೆ ಬ್ಯಾಟರಿ ಇಡಬೇಕಾ? ಎಷ್ಟು ದೊಡ್ಡದು?

ಮೀಟರ್_ಮಾವ:
ಬೇರೆ ಬ್ಯಾಟರಿಯೇ ಸರಿ. ಗಾತ್ರ ಗೊತ್ತಾಗಬೇಕಾದರೆ ಬೆಳಕಿನ ಲೆಕ್ಕ ಮೊದಲು. ನಿಮ್ಮ ನೆಲ ಸುಮಾರು 9 ಚದರ ಮೀಟರ್. ಸಾಮಾನು ಹೊಂದಿಸಲು 250 ಲಕ್ಸ್, ಅಂದರೆ ಚದರ ಮೀಟರಿಗೆ 250 ಲುಮೆನ್ ಬೆಳಕು, ಧಾರಾಳ ಸಾಕು. ಗೋಡೆ ನುಂಗುವುದನ್ನೂ ಸೇರಿಸಿ 3000 ಲುಮೆನ್ ಇಟ್ಟುಕೊಳ್ಳಿ. 10ರಿಂದ 30 ವೋಲ್ಟ್ ಅಂತ ಬರೆದಿರುವ, ಒಳಗೇ ಡ್ರೈವರ್ ಇರುವ ಒಂದಡಿ ಉದ್ದದ ಬಾರ್ ದೀಪ ತೆಗೆದುಕೊಳ್ಳಿ. 5 ವ್ಯಾಟಿನದು ಆರು. 12 ಬಂದರೂ 14.4 ಬಂದರೂ ಅದು ಎಲ್‌ಇಡಿಗೆ ಒಂದೇ ಕರೆಂಟ್ ಕೊಡುತ್ತದೆ. ಬಣ್ಣ 4000 ಕೆಲ್ವಿನ್ ಸುಮಾರಿಗೆ ಇರಲಿ. 6500ರ ನೀಲಿ ಬೆಳಕು ಅಲ್ಯೂಮಿನಿಯಂ ತಗಡಿಗೆ ಬಡಿದು ಕಣ್ಣು ಕುಕ್ಕುತ್ತದೆ.

ಆರೂ ಸೇರಿ 30 ವ್ಯಾಟ್, ಅಂದರೆ 2.5 ಆಂಪ್. 35 ಆಂಪ್-ಅವರ್‌ನ ಎಜಿಎಂ ಬ್ಯಾಟರಿಯಲ್ಲಿ (ಆಮ್ಲ ಚೆಲ್ಲದ ಹಾಗೆ ಮುಚ್ಚಿರುವ ಸೀಸದ ಬ್ಯಾಟರಿ) ಅರ್ಧ ಬಳಸಿದರೂ ಏಳು ಗಂಟೆ. ಲಿಥಿಯಂ ಹಗುರ, ನಿಜ. ಆದರೆ ಸಾಮಾನ್ಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ನಿಮ್ಮ ಓಹಾಯೋ ಚಳಿಗೆ, ಅಂಗಳದಲ್ಲಿ ನಿಂತೇ ಇರುವ ಟ್ರೈಲರಿಗೆ ಎಜಿಎಂ ಒಳ್ಳೆಯದು. ಮೇಲೆ 20 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್, ಚಾರ್ಜನ್ನು ಹದದಲ್ಲಿಡುವ ಒಂದು ಕಂಟ್ರೋಲರ್ ಇದ್ದರೆ ಚಾರ್ಜಿನ ಚಿಂತೆ ಇಲ್ಲ. ಗಾಡಿಯಿಂದಲೇ ಚಾರ್ಜ್ ಆಗಲಿ ಅಂದರೆ 7 ಪಿನ್ನಿನಲ್ಲಿ ಅದಕ್ಕೆಂದೇ ಒಂದು 12 ವೋಲ್ಟ್ ಪಿನ್ ಇದೆ, ಸಾಮಾನ್ಯವಾಗಿ ಕಪ್ಪು ವೈರ್. ನಡುವೆ ಡಿಸಿ-ಡಿಸಿ ಚಾರ್ಜರ್ (ಗಾಡಿಯ ವೋಲ್ಟನ್ನು ಈ ಬ್ಯಾಟರಿಗೆ ತಕ್ಕ ಹಾಗೆ ಮಾಡಿ ಕೊಡುವ ಪೆಟ್ಟಿಗೆ) ಹಾಕಿ.

ಫ್ಯೂಸ್ ಮರೆಯಬೇಡಿ: 7.5 ಆಂಪ್, ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ. ವೈರ್ 14 ಗೇಜ್. ನೆಗೆಟಿವ್‌ಗೂ ಬೇರೆ ವೈರ್ ಎಳೆಯಿರಿ, ಚಾಸಿಯನ್ನು ನಂಬಬೇಡಿ. ಎರಡು ಬಾಗಿಲಿನಲ್ಲೂ ಸ್ವಿಚ್ ಬೇಕಲ್ವಾ? ಮನೆಯ ಮೆಟ್ಟಿಲಿಗೆ ಹಾಕುವ ಟೂ-ವೇ ವೈರಿಂಗ್ ಇಲ್ಲಿಗೂ ಸರಿಹೋಗುತ್ತದೆ, ಸ್ವಿಚ್ ಮಾತ್ರ 12 ವೋಲ್ಟ್ ಡಿಸಿಯದ್ದಾಗಿರಲಿ.

ಕ್ಯಾಂಪರ್_ಅಕ್ಕ:
ಕೂರಿಸುವ ಬಗ್ಗೆ ನನ್ನದು ನಾಲ್ಕು ಮಾತು. ಚಾವಣಿ ನಡುವಿಗೆ ದೀಪ ಹಾಕಬೇಡಿ. ಮಂಟಪ ಎತ್ತರಕ್ಕೆ ನಿಂತರೆ ಅದರಾಚೆ ಎಲ್ಲಾ ನೆರಳು. ಗೋಡೆ-ಚಾವಣಿ ಸೇರುವ ಮೂಲೆಯಲ್ಲಿ ಬದಿಗೆ ಮೂರರಂತೆ ಹಾಕಿ, ಎದುರುಬದುರು ಬರದ ಹಾಗೆ ಸ್ವಲ್ಪ ಹಿಂದೆಮುಂದೆ.

ಚಾವಣಿ ತಗಡಿಗೆ ಸ್ಕ್ರೂ ಬೇಡವೇ ಬೇಡ. ಅದು ಒಂದೇ ಪದರ, ತೂತಾದರೆ ಮಳೆ ಒಳಗೆ. ಗೋಡೆಯ ಪ್ಲೈವುಡ್ ಹಿಂದೆ ಕಬ್ಬಿಣದ ಕಂಬ 16 ಅಥವಾ 24 ಇಂಚಿಗೊಂದು ಇರುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಸಿಗುತ್ತದೆ, ಸ್ಕ್ರೂ ಅದಕ್ಕೇ ಬೀಳಲಿ. ಡ್ರಿಲ್ ಬಿಟ್ಟಿಗೆ ಎಷ್ಟು ಆಳ ಬೇಕೋ ಅಲ್ಲಿ ಟೇಪ್ ಸುತ್ತಿಕೊಳ್ಳಿ, ಆಚೆಕಡೆಯ ತಗಡಿಗೆ ತಾಗುವ ಮುಂಚೆ ಕೈ ನಿಲ್ಲುತ್ತದೆ. ಕಬ್ಬಿಣದಲ್ಲಿ ವೈರ್ ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಟ್ರೈಲರ್ ಓಡುವಾಗ ಸದಾ ನಡುಗುತ್ತಿರುತ್ತದೆ. ಗ್ರೊಮೆಟ್ ಇಲ್ಲದಿದ್ದರೆ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ದೇ ಕೊಯ್ಯುತ್ತದೆ. ವೈರ್ ತಿರುಚಿ ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ, ಎಲ್ಲಾ ಜಾಯಿಂಟೂ ಕ್ರಿಂಪ್ ಆಗಿರಲಿ, ಅಂದರೆ ಲೋಹದ ಕೊಳವೆಯೊಳಗೆ ವೈರ್ ಇಟ್ಟು ಇಕ್ಕಳದಿಂದ ಒತ್ತಿದ್ದು.

ಓಹಾಯೋ_ಕೂಟ:
ಕೆಲಸ ಮುಗಿಯಿತು. ಗ್ರೌಂಡ್ ಬಿಚ್ಚಿದಾಗ ಸ್ಕ್ರೂವಿನ ಅರ್ಧ ತುಕ್ಕಾಗಿ ಕೈಗೇ ಪುಡಿ ಬಂತು. ಉಜ್ಜಿ ಬೋಲ್ಟ್ ಹಾಕಿದ ಮೇಲೆ 0.8 ಇದ್ದದ್ದು 0.05. ಹಿಂದಿನ ಕೆಂಪು ದೀಪಗಳೂ ಮೊದಲಿಗಿಂತ ಚೆನ್ನಾಗಿ ಉರಿಯುತ್ತಿವೆ, ಅದು ನಾವು ಕೇಳದೇ ಸಿಕ್ಕಿದ್ದು. ಹಳೇ ಸ್ಟ್ರಿಪ್ ಪೂರಾ ತೆಗೆದೆವು. ಆರು ಬಾರ್, ಎಜಿಎಂ ಬ್ಯಾಟರಿ, ಎರಡು ಸ್ವಿಚ್. ಬ್ಯಾಟರಿಯಲ್ಲಿ 12.7 ಇದ್ದರೆ ಕೊನೆಯ ಬಾರಿನಲ್ಲಿ 12.5. ಮಂಟಪದ ಹಿಂದೆ ಬಿದ್ದಿದ್ದ ಹಾರ್ಮೋನಿಯಂ ಸ್ಟ್ಯಾಂಡ್ ಈಗ ಕಾಣಿಸುತ್ತದೆ. ಇಬ್ಬರಿಗೂ ಮನಸಾರೆ ಧನ್ಯವಾದ.

ಒಂದೇ ಪ್ರಶ್ನೆ ಉಳಿದಿದೆ. ರಾಂಪಿಗೆ ಬೆಳಕು ಬೀಳಲಿ ಅಂತ ಹೊರಗೆ ಹಿಂಬದಿಗೆ ಒಂದು ಬಿಳಿ ದೀಪ ಹಾಕಬೇಕು. ಇದೇ ಸ್ವಿಚ್ಚಿಗೆ ಸೇರಿಸಬಹುದಾ?

ಮೀಟರ್_ಮಾವ:
ಬೇಡ, ಅದಕ್ಕೆ ಬೇರೆ ಸ್ವಿಚ್ ಕೊಡಿ. ಓಡುವಾಗ ಹಿಂದಕ್ಕೆ ಬಿಳಿ ಬೆಳಕು ಬಿದ್ದರೆ ಹಿಂದೆ ಬರುವವರ ಕಣ್ಣಿಗೆ ಹೊಡೆಯುತ್ತದೆ, ಪೊಲೀಸರೂ ನಿಲ್ಲಿಸುತ್ತಾರೆ. ದೀಪ ನೆಲಕ್ಕೆ ಮುಖ ಮಾಡಿರಲಿ. ಸ್ವಿಚ್ಚನ್ನು ರಾಂಪ್ ಬಾಗಿಲಿನ ಒಳಗೆ ಹಾಕಿ. ಬಾಗಿಲು ಮುಚ್ಚಿದರೆ ತಾನೇ ಆರುವ ಗುಂಡಿ ಸ್ವಿಚ್ ಸಿಗುತ್ತದೆ, ಅದಾದರೆ ಇನ್ನೂ ಒಳ್ಳೆಯದು. ಕೊಳ್ಳುವ ಮುಂಚೆ ಅದು ಎಷ್ಟು ಆಂಪ್ ತಡೆಯುತ್ತದೆ ಅಂತ ನೋಡಿ. ದೀಪ ಎಳೆಯುವುದಕ್ಕಿಂತ ಕಮ್ಮಿ ಇದ್ದರೆ ನಡುವೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಹಾಕಿ.