ಸಹಾಯ ಬೇಕು: ವಿಂಡೋಸ್ 11ರಲ್ಲಿ ವಿಷುಯಲ್ ಬೇಸಿಕ್ 6

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಅಡಿಕೆ ಮಂಡಿಯ ಲೆಕ್ಕ ನಡೆಯುವುದು ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಟ್ಟಿದ್ದ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಪ್ರೋಗ್ರಾಂನಲ್ಲಿ. ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಹೋದ ವಾರ ಕೈಕೊಟ್ಟಿತು. ಸೋರ್ಸ್ ಕೋಡ್ ಮಾತ್ರ ಹೇಗೋ ಉಳಿಸಿಕೊಂಡೆ.

1998ರ ಸಾಧನವಿದು, 2008ರಲ್ಲೇ ಅದರ ಬೆಂಬಲ ನಿಂತಿದೆ. ಸಿದ್ಧ ಪ್ರೋಗ್ರಾಂ ಹೊಸ ಯಂತ್ರದಲ್ಲೂ ಚೆನ್ನಾಗಿ ಓಡುತ್ತಿದೆ. ತೊಡಕಿರುವುದು ಕೋಡ್ ತಿದ್ದುವಲ್ಲಿ. ಎಂಎಸ್‌ಜಾವಾ.ಡಿಎಲ್‌ಎಲ್ ಎಂಬ ಖಾಲಿ ಕಡತ ಇಟ್ಟು, ಡೇಟಾ ಆಕ್ಸೆಸ್ ಆಯ್ಕೆ ತೆಗೆದ ಮೇಲೆ ವಿಷುಯಲ್ ಬೇಸಿಕ್ ಇನ್‌ಸ್ಟಾಲ್ ಮುಗಿಯಿತು. ಆದರೆ ಪ್ರಾಜೆಕ್ಟ್ ತೆರೆದರೆ, ಪಟ್ಟಿಯಂಥ ಪರದೆಯ ಭಾಗಗಳನ್ನು ಒದಗಿಸುವ ಎಂಎಸ್‌ಕಾಮ್‌ಸಿಟಿಎಲ್.ಒಸಿಎಕ್ಸ್ ಕಡತ ಲೋಡ್ ಆಗುತ್ತಿಲ್ಲ. ರೈತರ ಹೆಸರು, ಚೀಲ, ತೂಕ ತೋರಿಸುತ್ತಿದ್ದ ಪಟ್ಟಿಯ ಜಾಗದಲ್ಲಿ ಬರಿಯ ಪಿಕ್ಚರ್ ಬಾಕ್ಸ್ ಕುಳಿತಿದೆ. ಹಾಗೆಯೇ ಸೇವ್ ಮಾಡಿದರೆ ಪಟ್ಟಿ ಶಾಶ್ವತವಾಗಿ ಹೋಗುತ್ತದೆಂದು ಮುಟ್ಟದೆ ಬಿಟ್ಟಿದ್ದೇನೆ.

ಇಂಥ ಕಡತಗಳನ್ನು ವಿಂಡೋಸ್‌ನಲ್ಲಿ ನೋಂದಾಯಿಸುವ ರೆಗ್‌ಸರ್ವರ್32 ಎಂಬ ಸಾಧನದಿಂದ, ಸಿಸ್‌ವಾವ್64 ಫೋಲ್ಡರ್‌ನಲ್ಲಿರುವುದರಿಂದಲೇ, ಅಡ್ಮಿನಿಸ್ಟ್ರೇಟರ್ ಆಗಿಯೇ ಅದನ್ನು ನೋಂದಾಯಿಸಿದೆ. ಯಶಸ್ವಿ ಎಂದಿತು, ಫಲವಿಲ್ಲ. ಪರದೆಯ ವಿನ್ಯಾಸವಿರುವ ಫಾರ್ಮ್ ಕಡತದಲ್ಲಿ ಈ ಒಸಿಎಕ್ಸ್‌ನ ಆವೃತ್ತಿ 2.0 ಎಂದಿದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ 2.1 ಎಂದು ತಿದ್ದಬಹುದೇ? ಪ್ರಾಜೆಕ್ಟ್ ಕಡತದಲ್ಲೂ ಬದಲಿಸಬೇಕೇ?

ಹೊಸದಾಗಿ ಬರೆಸುವ ಯೋಚನೆ ಸದ್ಯಕ್ಕಿಲ್ಲ. ಇಪ್ಪತ್ತು ವರ್ಷಗಳ ಲೆಕ್ಕ ಅದರಲ್ಲಿದೆ, ತಂದೆಯವರ ಬೆರಳಿಗೆ ಅದರ ಪ್ರತಿ ಕೀಲಿಯೂ ಗೊತ್ತು. ಇದನ್ನು ಮಾಡಿ ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.