ಟರ್ಕಿ ಕೋಳಿ ಬೇಟೆಗೆ ನೆಲದ ಚೇರ್ ತಗೊಂಡಿದೀನಿ, ಎರಡರಲ್ಲಿ ಯಾವುದು ಇಟ್ಕೊಳ್ಲಿ?

ಹೊಸಬೇಟೆಗಾರ:
ಎಲ್ರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾದಲ್ಲಿ, ಹಂಟರ್ ಕೋರ್ಸ್ ಮುಗಿಸಿ ಹೋದ ಮೇ ತಿಂಗಳು ಮೊದಲ್ನೇ ಸಲ ಟರ್ಕಿ ಸೀಸನ್‌ಗೆ ಹೋದೆ. ಒಂದು ಫೋಮ್ ಕುಶನ್ ಹಾಕ್ಕೊಂಡು ಓಕ್ ಮರಕ್ಕೆ ಒರಗಿ ಕೂತಿದ್ದೆ, ಮುಕ್ಕಾಲು ಗಂಟೆಗೆಲ್ಲ ಸೊಂಟ ಹಿಡ್ಕೊಂಡು ಕಾಲು ಜೋಮು ಬಂತು. ಗಂಡು ಟರ್ಕಿ ಕೂಗ್ತಾ ಹತ್ರ ಬರ್ತಿದೆ ಅನ್ನೋ ಹೊತ್ತಿಗೇ ಕಾಲು ಒಂಚೂರು ಸರಿಸಿದೆ ಅಷ್ಟೇ, 'ಪಟ್' ಅಂತ ಸದ್ದು ಮಾಡಿ ಹೋಯ್ತು, ಆಮೇಲೆ ಇಡೀ ಸೀಸನ್ ಕಾಣ್ಲೇ ಇಲ್ಲ.

ಈ ಸಲ ಎರಡು ಚೇರ್ ತರಿಸಿದೀನಿ. ಒಂದು ಸ್ಟೀಲ್ ಪೈಪಿಂದು, ಸೀಟು ನೆಲದಿಂದ 9 ಇಂಚು, ಎರಡೂವರೆ ಕೆಜಿ ತೂಗುತ್ತೆ. ಇನ್ನೊಂದು ಟ್ರೆಕ್ಕಿಂಗ್‌ನವರು ಒಯ್ಯೋ ಥರದ್ದು, ಅಲ್ಯೂಮಿನಿಯಂ ಕಡ್ಡಿ, ಮುಕ್ಕಾಲು ಕೆಜಿನೂ ಇಲ್ಲ, ಆದ್ರೆ ಕೂತ್ರೆ ನೆಲದ್ ಮೇಲೇ ಕೂತಂಗಿರುತ್ತೆ. ವಯಸ್ಸು 48, ಬಲಗಾಲ್ ಮಂಡಿ ಅಷ್ಟಕ್ಕಷ್ಟೆ. ಕತ್ತಲಲ್ಲಿ ಎರಡು ಮೈಲಿ ನಡೀಬೇಕು. ವಾಪಸ್ ಕೊಡೋಕೆ ಇನ್ನೂ ಟೈಮಿದೆ, ಮನೇಲೇ ಹೆಂಗೆ ಟೆಸ್ಟ್ ಮಾಡೋದು ಹೇಳಿ.

ವಿಸ್ಕಾನ್ಸಿನ್‌ಕನ್ನಡಿಗ:
ಸರ್, ಹಾಲ್‌ನಲ್ಲಿ ಐದು ನಿಮಿಷ ಕೂತು ನೋಡಿದ್ರೆ ಎಲ್ಲಾ ಚೇರೂ ಚೆನ್ನಾಗೇ ಇರುತ್ತೆ. ಹಿತ್ತಲಲ್ಲಿ ಒಣ ಎಲೆ ಮೇಲೆ ಹಾಕಿ, ಬೇಟೆಗೆ ಹಾಕೋ ಬಟ್ಟೆ ಗ್ಲೌಸ್ ಎಲ್ಲಾ ಹಾಕ್ಕೊಂಡು ಒಂದೂವರೆ ಗಂಟೆ ಅಲುಗಾಡ್ದೆ ಕೂತ್ಕೊಳಿ. ಗನ್ ಬದಲು ಒಂದು ಕೋಲು ಮಂಡಿ ಮೇಲಿಟ್ಕೊಳಿ. ನಿಮ್ ಟರ್ಕಿ ಕೂತಿರೋರ್ನ ನೋಡಿ ಓಡಿದ್ದಲ್ಲ, ಕಾಲು ಅಲ್ಲಾಡಿದ್ದನ್ನ ನೋಡಿ ಓಡಿದ್ದು. ಜಿಂಕೆಗಾದ್ರೆ ಗಾಳಿ ದಿಕ್ಕು ನೋಡ್ತೀವಿ, ಟರ್ಕಿಗೆ ವಾಸನೆ ದೊಡ್ಡ ವಿಷ್ಯ ಅಲ್ಲ, ಕಣ್ಣೇ ಎಲ್ಲಾ. ಅದಕ್ಕೇ ನಿಮ್ಮನ್ನ ಎಷ್ಟೊತ್ತು ಸುಮ್ನೆ ಕೂರ್ಸುತ್ತೆ ಅನ್ನೋದ್ರಲ್ಲೇ ಚೇರಿನ ಬೆಲೆ ಇರೋದು.

ಆಮೇಲೆ ಸದ್ದು. ನಿಧಾನಕ್ಕೆ ಎಡಕ್ಕೆ ಬಲಕ್ಕೆ ವಾಲಿ, ಜಾಯಿಂಟಲ್ಲಿ ಕಿರ್ ಅನ್ನುತ್ತಾ ನೋಡಿ, ಬಕಲ್ ಪೈಪಿಗೆ ಬಡಿಯುತ್ತಾ ನೋಡಿ, ವೆಲ್ಕ್ರೋ ಇದ್ರೆ ಕಿತ್ತಾಕಿ, ಬೆಳಗಿನ ಜಾವ ಆ ಪರ್ ಅನ್ನೋ ಸದ್ದು ಇಡೀ ಕಾಡಿಗೆ ಕೇಳುತ್ತೆ. ಕಡ್ಡಿ ಕಾಲಿನ ಚೇರ್ ಮಳೆ ಬಂದ ಮಣ್ಣಲ್ಲಿ ಹಿಂದಕ್ಕೆ ಹೂತ್ಕೊಳುತ್ತೆ, ಅಡ್ಡ ಪೈಪಿನ ಕಾಲಾದ್ರೆ ನಿಲ್ಲುತ್ತೆ. ಇನ್ನು ಮಂಡಿ ನೋವಿರೋರಿಗೆ ಕೂರೋದಲ್ಲ ಕಷ್ಟ, ಏಳೋದು. ಕೈ ಊರದೆ ಎದ್ ನೋಡಿ. ನಾನಾದ್ರೆ 9 ಇಂಚಿಂದೇ ಇಟ್ಕೊಳ್ತೀನಿ.

ಬಿಲ್ಲುಬಾಣ:
ನೀವು ಮುಂದೆ ಯಾವಾಗಾದ್ರೂ ಬಿಲ್ಲು ಹಿಡಿಯೋ ಯೋಚ್ನೆ ಇದ್ರೆ ಈ ಎರಡೂ ಆಗಲ್ಲ. ಅಷ್ಟು ಕೆಳಗೆ ಕೂತು ಎಳೆದ್ರೆ ಬಿಲ್ಲಿನ ಕೆಳತುದಿ ನೆಲಕ್ಕೆ ತಾಗುತ್ತೆ, ಅಡಗಿ ಕೂರೋ ಟೆಂಟ್ ಥರದ ಮರೆ, ಅಂದ್ರೆ ಬ್ಲೈಂಡ್, ಒಳಗೆ ಕೂತ್ರೆ ಕಿಟಕಿ ತಲೆ ಮೇಲಿರುತ್ತೆ. ಅದಕ್ಕೆ ಮಾಮೂಲಿ ಕುರ್ಚಿ ಎತ್ತರದ ಸ್ಟೂಲೇ ಬೇಕು. ಒಂದೇ ಚೇರಲ್ಲಿ ಎಲ್ಲಾ ಆಗ್ಲಿ ಅಂತ ನೋಡ್ಬೇಡಿ.

ತೀರ್ಥಹಳ್ಳಿಯವ:
ನಮ್ಮಜ್ಜ ಮರಸು ಕೂರೋರು, ಅಂದ್ರೆ ಬೇಟೆಗೆ ಅಡಗಿ ಕಾಯೋರು, 1972ರ ವನ್ಯಜೀವಿ ಕಾಯ್ದೆ ಬರೋಕ್ ಮುಂಚಿನ ಮಾತು, ಅಟ್ಟಣೆ ಮೇಲೆ ಕಂಬಳಿ ಹಾಸ್ಕೊಂಡು ರಾತ್ರಿಯಿಡೀ ಕೂತಿರ್ತಿದ್ರಂತೆ, ಕೆಮ್ಮು ಬಂದ್ರೂ ತಡ್ಕೊಂಡು. ಚಿಕ್ಕೋನಿದ್ದಾಗ ಆ ಕಥೆ ಕೇಳ್ಕೊಂಡೇ ಬೆಳೆದಿದ್ದು. ಇಲ್ಲಿ ಲೈಸೆನ್ಸ್ ತಗೊಂಡು ಕಾನೂನು ಪ್ರಕಾರ ಕೂರೋಕಾಗುತ್ತೆ ಅನ್ನೋದೇ ನಂಗೆ ಖುಷಿ.

ಒಂದ್ ಮಾತು ಕೇಳಿ. ಬೆನ್ನಿಗೆ ಆಸರೆ ಇರೋ ಚೇರ್ ಬಂದ್ಮೇಲೆ ಜನ ಮರ ಬಿಟ್ಟು ಎಲ್ಲಂದ್ರಲ್ಲಿ ಕೂರ್ತಾರೆ. ದಯವಿಟ್ಟು ಹಂಗ್ ಮಾಡ್ಬೇಡಿ. ಭುಜಕ್ಕಿಂತ ಅಗಲದ ಮರಕ್ಕೆ ತಾಗಿಸೇ ಚೇರ್ ಹಾಕಿ, ನೀವು ಮಾಡೋ ಹೆಣ್ಣು ಟರ್ಕಿ ಕೂಗು ಕೇಳಿ ಹಿಂದಿನಿಂದ ಇನ್ನೊಬ್ಬ ಬೇಟೆಗಾರ ಬರಬಹುದು. ಕೆಂಪು, ಬಿಳಿ, ನೀಲಿ ಯಾವುದೂ ಮೈಮೇಲೆ ಬೇಡ, ಗಂಡು ಟರ್ಕಿ ತಲೆ ಬಣ್ಣ ಅದು. ಚೇರಿನ ಲೇಬಲ್ ಕೆಂಪಗಿದ್ರೆ ಅದನ್ನೂ ಕತ್ತರಿಸಿ.

ಹಾಗೇ ಉಣುಗು. ಮಂಗನ ಕಾಯಿಲೆ ಊರಿನವರಿಗೆ ಇದನ್ನ ಹೇಳ್ಕೊಡ್ಬೇಕಿಲ್ಲ, ಇಲ್ಲಿ ಬೇರೆ ಜಾತಿ ಉಣುಗಿಂದ ಲೈಮ್ ಅನ್ನೋ ಕಾಯಿಲೆ ಬರುತ್ತೆ. ಉಣುಗು ಹತ್ತದಂಗೆ ಬಟ್ಟೆಗೆ ಹೊಡಿಯೋ ಪರ್ಮೆಥ್ರಿನ್ ಔಷಧಿನ ಚೇರ್ ಬಟ್ಟೆಗೂ ಹೊಡೆದು ಪೂರ್ತಿ ಒಣಗಿಸಿ. ಮನೇಲಿ ಬೆಕ್ಕಿದ್ರೆ ಒಣಗೋ ತನಕ ಹತ್ರ ಬಿಡ್ಬೇಡಿ.

ಹೊಸಬೇಟೆಗಾರ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಹಿತ್ತಲಲ್ಲಿ ಕೂತೆ. ಹಗುರದ್ದು ಒಂದು ಗಂಟೆ ಆರಾಮಾಗೇ ಇತ್ತು, ಆದ್ರೆ ಏಳೋಕೆ ಪಕ್ಕಕ್ಕೆ ಹೊರಳಿ ಕೈ ಊರ್ಬೇಕಾಯ್ತು, ಹಿಂದಿನ ಕಾಲೆರಡೂ ಮಣ್ಣಲ್ಲಿ ಎರಡು ಇಂಚು ಇಳಿದಿದ್ವು. ಅದನ್ನ ವಾಪಸ್ ಕಳಿಸ್ತಿದೀನಿ. ಸ್ಟೀಲಿಂದ್ರಲ್ಲಿ ಒಂದೂವರೆ ಗಂಟೆ ಕೂತೆ, ಮಂಡಿ ಸುಮ್ನಿತ್ತು, ಎಡಗಡೆ ಜಾಯಿಂಟ್ ಮಾತ್ರ ಕಿರ್ ಅಂತಿತ್ತು, ವಾಷರ್ ಹಾಕಿದ್ಮೇಲೆ ನಿಂತೋಯ್ತು. ಭುಜದ ಪಟ್ಟಿ ಸಣ್ಣದು, ಎರಡು ಮೈಲಿಗೆ ಕೊರೆಯುತ್ತೆ, ಹಳೇ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಹೊಲಿಸ್ತೀನಿ. ಲೇಬಲ್ ನೋಡಿದೆ, ಕೆಂಪೇ ಇತ್ತು, ಕತ್ತರಿಸಿದೆ.